ಗಿಣ್ಣದ ಹಾಲಿನ ಸಕ್ಕರೆ ಸರಪಳಿ: ಕರುವಿನ ಪಾಲು ಕರುವಿಗೆ



ಬೆಲ್ಲ ಹಾಕದಿದ್ದರೂ ಹಾಲು ಒಂದಿಷ್ಟು ಸಿಹಿ ಇರುತ್ತದೆ. ಆ ಸಿಹಿ ಎಲ್ಲಿಂದ ಬಂತು ಎಂದು ಯೋಚಿಸಿದ್ದೀರಾ? ಆಕಳು ತಿಂದದ್ದು ಜೋಳದ ಕಣಿಕೆ, ಭತ್ತದ ಹುಲ್ಲು, ಒಂದಿಷ್ಟು ಹಿಂಡಿ. ಇವು ಯಾವುದರಲ್ಲೂ ಹಾಲಿನ ಸಕ್ಕರೆ ಒಂದು ಚಿಟಿಕೆಯೂ ಇಲ್ಲ. ಅದನ್ನು ಆಕಳೇ ತನ್ನ ಕೆಚ್ಚಲಿನಲ್ಲಿ ತಯಾರಿಸುತ್ತದೆ. ಒಂದು ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ 48 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 10 ಲೀಟರ್ ಕೊಡುವ ಆಕಳು ದಿನಾ ಅರ್ಧ ಕಿಲೋ ಹತ್ತಿರ ಸಕ್ಕರೆ ಮಾಡುತ್ತದೆ ಎಂದಾಯಿತು.

ಈ ಸಕ್ಕರೆ ಮಾಡುವ ಕೆಲಸಕ್ಕೂ ಇಂದಿನ ದೊಡ್ಡ ದೊಡ್ಡ ಪ್ರಯೋಗಾಲಯಗಳ ಕೆಲಸಕ್ಕೂ ಹತ್ತಿರದ ನಂಟಿದೆ. ಪ್ರೋಟೀನಿನ ಮೇಲೆ ಕೂರುವ ಸಕ್ಕರೆ ಸರಪಳಿಗಳನ್ನು ಕೈಯಾರೆ ಕಟ್ಟಲು ವಿಜ್ಞಾನಿಗಳು ವರ್ಷಗಟ್ಟಲೆ ಹೆಣಗಿದ್ದಾರೆ. ಅಂಥ ಸರಪಳಿಗಳನ್ನು ನಿಮ್ಮ ಆಕಳು, ಎಮ್ಮೆ ಕರು ಹಾಕಿದ ದಿನವೇ ಗಿಣ್ಣದ ಹಾಲಿನಲ್ಲಿ ತುಂಬಿ ಕೊಡುತ್ತವೆ. ನಾವು ಅದನ್ನು ಕರುವಿಗೆ ತಲುಪಿಸುತ್ತೇವೋ ಇಲ್ಲವೋ ಎಂಬುದೇ ಪ್ರಶ್ನೆ.

ಕೆಚ್ಚಲಿನೊಳಗೆ ಹೂ ಕಟ್ಟುವ ಕೆಲಸ

ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದು ಎರಡು ಸಣ್ಣ ಸಕ್ಕರೆಗಳ ಜೋಡಿ: ಒಂದು ಗ್ಲೂಕೋಸ್, ಇನ್ನೊಂದು ಗ್ಯಾಲಕ್ಟೋಸ್. ಇವೆರಡನ್ನೂ ಜೋಡಿಸುವುದು ಒಂದು ಕಿಣ್ವ. ಕಿಣ್ವ ಎಂದರೆ ತಾನು ಖರ್ಚಾಗದೆ ಬೇರೆ ವಸ್ತುಗಳನ್ನು ಕೂಡಿಸುವ ಅಥವಾ ಬಿಡಿಸುವ ಪ್ರೋಟೀನು. ಹೂ ಕಟ್ಟುವ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ದಾರ ಸುತ್ತಿ, ಹೂವಿಟ್ಟು, ಗಂಟು ಹಾಕಿ ಮುಂದಿನ ಹೂವಿಗೆ ಹೋಗುತ್ತಾಳೆ. ಕಿಣ್ವದ ಕೆಲಸವೂ ಹಾಗೆಯೇ. ಆದರೆ ಒಂದು ಕಿಣ್ವಕ್ಕೆ ಸಾಮಾನ್ಯವಾಗಿ ಒಂದೇ ಬಗೆಯ ಗಂಟು ಗೊತ್ತು.

ಗ್ಯಾಲಕ್ಟೋಸ್ ಕಟ್ಟುವ ಈ ಕಿಣ್ವದ ಹೆಸರು ಗ್ಯಾಲಕ್ಟೊಸಿಲ್ ಟ್ರಾನ್ಸ್‌ಫರೇಸ್. ಇದು ಕೆಚ್ಚಲಿನಲ್ಲಿ ಮಾತ್ರ ಇರುವುದಲ್ಲ, ದೇಹದ ಬೇರೆ ಕಡೆಯೂ ಇದೆ. ಅಲ್ಲೆಲ್ಲ ಅದರ ಕೆಲಸ ಬೇರೆ. ಪ್ರೋಟೀನಿನ ಮೇಲೆ ಬೆಳೆಯುತ್ತಿರುವ ಸಕ್ಕರೆ ಸರಪಳಿಯ ತುದಿಗೆ ಅದು ಒಂದು ಗ್ಯಾಲಕ್ಟೋಸ್ ಸೇರಿಸುತ್ತದೆ. ಬಿಡಿ ಗ್ಲೂಕೋಸನ್ನು ಅದು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಕೆಚ್ಚಲಿನಲ್ಲಿ ಮಾತ್ರ ಅದಕ್ಕೆ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಎಂಬ ಪ್ರೋಟೀನು ಜೊತೆಗಾತಿಯಾಗಿ ಸಿಗುತ್ತದೆ. ಅದು ಪಕ್ಕದಲ್ಲಿ ಬಂದು ಕೂತ ಕೂಡಲೇ ಕಿಣ್ವ ಗ್ಲೂಕೋಸಿಗೆ ಗ್ಯಾಲಕ್ಟೋಸ್ ಕಟ್ಟತೊಡಗುತ್ತದೆ. ಹಾಲಿನ ಸಕ್ಕರೆ ತಯಾರಾಗುವುದು ಹೀಗೆ. ಈ ಜೊತೆಗಾರಿಕೆಯನ್ನು ವಿಜ್ಞಾನಿಗಳು ಕಂಡುಕೊಂಡದ್ದು 1967-68ರಲ್ಲಿ.

ಆಕಳು ಗಬ್ಬ ಇರುವಾಗ ರಕ್ತದಲ್ಲಿನ ಪ್ರೊಜೆಸ್ಟರಾನ್ ಹಾರ್ಮೋನು ಈ ಜೊತೆಗಾತಿಯನ್ನು ತಡೆದಿಟ್ಟಿರುತ್ತದೆ. ಕರು ಹಾಕುವ ಹೊತ್ತಿಗೆ ಆ ಹಾರ್ಮೋನು ಇಳಿಯುತ್ತದೆ, ತಡೆ ತೆರೆಯುತ್ತದೆ, ಸಕ್ಕರೆ ಹುಟ್ಟುತ್ತದೆ. ಸಕ್ಕರೆ ತನ್ನ ಜೊತೆ ನೀರನ್ನು ಎಳೆದುಕೊಳ್ಳುತ್ತದೆ. ಕೆಚ್ಚಲು ಇಳಿಯುವುದು, ಹಾಲು ತುಂಬುವುದು ಇದರಿಂದಲೇ. ಸಕ್ಕರೆ ಎಷ್ಟು ತಯಾರಾಗುತ್ತದೋ ಹಾಲು ಅಷ್ಟು.

ಪ್ರೋಟೀನಿನ ಮೇಲೆ ಸಕ್ಕರೆ ಏಕೆ ಬೇಕು?

ಸಕ್ಕರೆ ಎಂದರೆ ಸಿಹಿ, ಶಕ್ತಿ ಅಷ್ಟೇ ಎಂದು ನಾವು ತಿಳಿದಿರುತ್ತೇವೆ. ದೇಹದಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ. ಅದು ಗುರುತಿನ ಚೀಟಿ. ನಮ್ಮ ಎ, ಬಿ, ಒ ರಕ್ತದ ಗುಂಪುಗಳನ್ನೇ ನೋಡಿ. ಎ ಮತ್ತು ಬಿ ಗುಂಪಿಗೆ ಇರುವ ವ್ಯತ್ಯಾಸ ಕೆಂಪು ರಕ್ತಕಣದ ಮೇಲಿನ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆ. ಒ ಗುಂಪಿನವರಲ್ಲಿ ಆ ತುದಿ ಖಾಲಿ. ಒಂದು ಮಣಿ ಬದಲಾದರೆ ರಕ್ತ ಹೊಂದುವುದಿಲ್ಲ.

ಹಾಲಿನಲ್ಲೂ ಇಂಥ ಸರಪಳಿಗಳಿವೆ. ಹಾಲಿನ ಮುಖ್ಯ ಪ್ರೋಟೀನು ಕೇಸೀನ್ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಯ ಮೇಲೆ ಕಪ್ಪಾ-ಕೇಸೀನ್ ಎಂಬ ಭಾಗ ಕೂದಲಿನಂತೆ ಹೊರಗೆ ಚಾಚಿಕೊಂಡಿರುತ್ತದೆ. ಈ ಕೂದಲಿನಲ್ಲಿ ಹಲವಕ್ಕೆ ಸಕ್ಕರೆ ಸರಪಳಿ ಅಂಟಿರುತ್ತದೆ. ಕೂದಲು ಇರುವತನಕ ಉಂಡೆಗಳು ಒಂದನ್ನೊಂದು ದೂರ ಇಡುತ್ತವೆ, ಹಾಲು ಹಾಲಾಗಿಯೇ ಉಳಿಯುತ್ತದೆ. ಹಾಲು ಹುಳಿಯಾದರೆ ಕೂದಲು ಕುಸಿದು ಉಂಡೆಗಳು ಅಂಟಿಕೊಂಡು ಮೊಸರಾಗುತ್ತದೆ. ಚೀಸ್ ಮಾಡುವಾಗ ರೆನೆಟ್ ಎಂಬ ಕಿಣ್ವ ಹಾಕುತ್ತಾರೆ. ಅದು ಮಾಡುವ ಮುಖ್ಯ ಕೆಲಸ ಈ ಕೂದಲನ್ನು ಕತ್ತರಿಸುವುದೇ.

ಮೂರನೆಯ ಉದಾಹರಣೆ ನಮಗೆ ಎಲ್ಲಕ್ಕಿಂತ ಮುಖ್ಯ: ರೋಗ ತಡೆಯುವ ಪ್ರೋಟೀನುಗಳು. ಇವನ್ನು ಪ್ರತಿಕಾಯ ಅಥವಾ ಇಮ್ಯುನೊಗ್ಲಾಬುಲಿನ್ ಎನ್ನುತ್ತೇವೆ. ಪ್ರತಿಕಾಯ ನೋಡಲು ಕವಲೊಡೆದ ಕೋಲಿನಂತಿದೆ. ಎರಡು ಕವಲಿನಿಂದ ರೋಗಾಣುವನ್ನು ಹಿಡಿಯುತ್ತದೆ. ಕಾಂಡದ ಭಾಗದಲ್ಲಿ ಒಂದು ಸಕ್ಕರೆ ಸರಪಳಿ ಇದೆ. ಆ ಸರಪಳಿ ಕಿತ್ತುಹಾಕಿದರೆ ಪ್ರತಿಕಾಯ ರೋಗಾಣುವನ್ನು ಹಿಡಿಯುತ್ತದೆ, ಆದರೆ ಅದನ್ನು ಕೊಲ್ಲಲು ಬಿಳಿ ರಕ್ತಕಣಗಳನ್ನು ಸರಿಯಾಗಿ ಕರೆಯಲಾರದು. ಕಳ್ಳನನ್ನು ಹಿಡಿದವರಿಗೆ ಕೂಗಲು ದನಿಯೇ ಇಲ್ಲದಂತೆ.

ಮನುಷ್ಯ ಕಟ್ಟಲು ಹೋದಾಗ

ಇಷ್ಟು ಮುಖ್ಯವಾದ ಸರಪಳಿಯನ್ನು ನಾವೇ ಮಾಡೋಣ ಎಂದು ರಸಾಯನ ವಿಜ್ಞಾನಿಗಳು ಹೊರಟರು. ಕೆಲಸ ಬಹಳ ಕಷ್ಟ. ಒಂದು ಗ್ಲೂಕೋಸಿಗೆ ಐದು ಕೈ ಇವೆ ಎಂದುಕೊಳ್ಳಿ. ಯಾವ ಕೈಗೆ ಬೇಕಾದರೂ ಮುಂದಿನ ಸಕ್ಕರೆ ಅಂಟಬಹುದು, ಮೇಲ್ಮುಖವಾಗಿಯೂ ಅಂಟಬಹುದು, ಕೆಳಮುಖವಾಗಿಯೂ ಅಂಟಬಹುದು. ಬರೀ ಎರಡು ಗ್ಲೂಕೋಸನ್ನೇ 11 ಬಗೆಯಲ್ಲಿ ಜೋಡಿಸಬಹುದು. ನಮಗೆ ಬೇಕಾದದ್ದು ಅದರಲ್ಲಿ ಒಂದು. ಹಾಗಾಗಿ ಬೇಡದ ಕೈಗಳನ್ನೆಲ್ಲ ಮೊದಲು ರಾಸಾಯನಿಕದಿಂದ ಮುಚ್ಚಬೇಕು, ಒಂದು ಕೈ ಮಾತ್ರ ಬಿಡಬೇಕು, ಸಕ್ಕರೆ ಅಂಟಿಸಬೇಕು, ಮತ್ತೆ ಇನ್ನೊಂದು ಕೈ ತೆರೆಯಬೇಕು. ಹತ್ತು ಸಕ್ಕರೆಯ ಸರಪಳಿಗೆ ಇಂಥ ಹತ್ತಾರು ಹಂತಗಳು.

ಕಿಣ್ವಕ್ಕೆ ಈ ಮುಚ್ಚುವ ತೆರೆಯುವ ಕಷ್ಟವಿಲ್ಲ. ಬೆಚ್ಚಗಿನ ನೀರಿನಲ್ಲಿ, ಸರಿಯಾದ ಕೈಗೆ, ಸರಿಯಾದ ದಿಕ್ಕಿನಲ್ಲಿ ಒಂದೇ ಏಟಿಗೆ ಗಂಟು ಹಾಕುತ್ತದೆ. ಆದರೆ ಅದಕ್ಕೆ ಸಕ್ಕರೆಯನ್ನು ಬರಿದೇ ಕೊಟ್ಟರೆ ಆಗದು, ಒಂದು ಹಿಡಿಕೆಗೆ ಸಿಕ್ಕಿಸಿ ಕೊಡಬೇಕು. ಆ ಹಿಡಿಕೆಯ ಗುಟ್ಟನ್ನು ಕಂಡವರು ಅರ್ಜೆಂಟೀನಾ ದೇಶದ ಲೂಯಿಸ್ ಲೆಲುವಾರ್. ಹಾಲಿನ ಸಕ್ಕರೆ ತಿಂದು ಬದುಕುವ ಒಂದು ಯೀಸ್ಟನ್ನು ಅಭ್ಯಾಸ ಮಾಡುತ್ತ ಅವರು ಇದನ್ನು ಕಂಡುಕೊಂಡರು. 1970ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಪ್ರೋಟೀನಿನ ಸರಪಳಿಗೆ ಗ್ಯಾಲಕ್ಟೋಸ್ ಸೇರಿಸಲು ಪ್ರಯೋಗಾಲಯಗಳು ದಶಕಗಳ ಕಾಲ ಬಳಸಿದ ಕಿಣ್ವ ಎಲ್ಲಿಯದು ಗೊತ್ತೇ? ಆಕಳ ಹಾಲಿನಿಂದ ಬೇರ್ಪಡಿಸಿದ್ದು. ಮೇಲೆ ಹೇಳಿದೆನಲ್ಲ, ಅದೇ ಹೂ ಕಟ್ಟುವ ಕಿಣ್ವ. ಕೆಚ್ಚಲಿನಿಂದ ಅದು ಒಂದಿಷ್ಟು ಹಾಲಿಗೂ ಇಳಿದಿರುತ್ತದೆ.

ಈಗ ರಸಾಯನವನ್ನೂ ಕಿಣ್ವವನ್ನೂ ಸೇರಿಸಿ ಮಾಡುವ ದಾರಿ ಬಂದಿದೆ. ಇದು ಮಾವಿನ ಕಸಿ ಕಟ್ಟಿದಂತೆ. ಪ್ರೋಟೀನಿನ ಮೇಲಿರುವ ಹಳೆಯ ಸರಪಳಿಯನ್ನು ಒಂದು ಕಿಣ್ವದಿಂದ ಬುಡದವರೆಗೆ ಕತ್ತರಿಸಿ, ಒಂದು ಮೋಟು ಮಾತ್ರ ಉಳಿಸುತ್ತಾರೆ. ಬೇಕಾದ ಹೊಸ ಸರಪಳಿಯನ್ನು ಬೇರೆಯೇ ಸಿದ್ಧಮಾಡಿ, ಇನ್ನೊಂದು ಕಿಣ್ವದಿಂದ ಆ ಮೋಟಿಗೆ ಇಡಿಯಾಗಿ ಕೂಡಿಸುತ್ತಾರೆ. ಕಸಿಗೆ ಬೇಕಾದ ಸಿದ್ಧ ಸರಪಳಿಯನ್ನು ಅನೇಕ ಕಡೆ ತೆಗೆಯುವುದು ಕೋಳಿಮೊಟ್ಟೆಯ ಹಳದಿಯಿಂದ. ಆಕಳ ಹಾಲು, ಕೋಳಿಮೊಟ್ಟೆ: ನಿಮ್ಮ ಹಿತ್ತಲಿನ ಎರಡು ವಸ್ತುಗಳಿಂದಲೇ ಅವರ ಕೆಲಸ ಶುರು.

ಬೆಂಗಳೂರಿನ ಕೆಲಸ, ನಮ್ಮ ಶೇಂಗಾ

ಇದು ದೂರದ ದೇಶಗಳ ಮಾತು ಮಾತ್ರವಲ್ಲ. ನಮ್ಮ ಬಳ್ಳಾರಿ ಸೀಮೆಯ ಹೊಲದಲ್ಲಿ ಬೆಳೆಯುವ ಶೇಂಗಾ ಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನು ಇದೆ. ಅದು ಒಂದು ಬಗೆಯ ಸಕ್ಕರೆ ಜೋಡಿಯನ್ನು ಗುರುತಿಸಿ ಹಿಡಿಯುತ್ತದೆ. ಕಪ್ಪಾ-ಕೇಸೀನಿನ ಸರಪಳಿಯ ಬುಡದಲ್ಲಿ ಇರುವುದೂ ಅದೇ ಜೋಡಿ. ಅನೇಕ ಕ್ಯಾನ್ಸರ್ ಕೋಶಗಳ ಮೇಲೆ ಈ ಜೋಡಿ ಮುಚ್ಚಳವಿಲ್ಲದೆ ಹೊರಗೆ ಕಾಣಿಸಿಕೊಳ್ಳುವುದರಿಂದ ವೈದ್ಯ ಸಂಶೋಧನೆಗೆ ಶೇಂಗಾ ಲೆಕ್ಟಿನ್ ಬಹಳ ಬೇಕಾದ ವಸ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಎ. ಸುರೋಲಿಯಾ ಮತ್ತು ಸಂಗಡಿಗರು ಈ ಲೆಕ್ಟಿನ್ನಿನ ಆಕಾರವನ್ನು 1994ರಲ್ಲಿ ಪ್ರಕಟಿಸಿದರು. 1996ರಲ್ಲಿ ಹಲಸಿನ ಬೀಜದ ಲೆಕ್ಟಿನ್ನಿನ ಆಕಾರವನ್ನೂ ತೋರಿಸಿದರು.

ಬೆಂಗಳೂರಿನ ಬಯೋಕಾನ್ ಕಂಪನಿ 1978ರಲ್ಲಿ ಶುರುವಾದದ್ದು ಕಿಣ್ವ ತಯಾರಿಸುವ ಸಣ್ಣ ಉದ್ದಿಮೆಯಾಗಿ. ಪಪ್ಪಾಯಿಯ ಹಾಲಿನಿಂದ ಕಿಣ್ವ ತೆಗೆಯುತ್ತಿದ್ದರು. ಅದೇ ಕಂಪನಿ ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಆ ಔಷಧವೂ ಒಂದು ಪ್ರತಿಕಾಯ. ಅದರ ಕಾಂಡದ ಮೇಲೂ ಸಕ್ಕರೆ ಸರಪಳಿ ಇದೆ. ಇಂಥ ಔಷಧಗಳನ್ನು ದೊಡ್ಡ ತೊಟ್ಟಿಗಳಲ್ಲಿ ಜೀವಂತ ಕೋಶಗಳನ್ನು ಸಾಕಿ ಅವುಗಳಿಂದ ಮಾಡಿಸಬೇಕು. ಸರಪಳಿ ಸರಿಯಾಗಿ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು. ಬೆಲೆ ಹೆಚ್ಚಾಗಲು ಇದೂ ಒಂದು ಕಾರಣ.

ಈಗ ಕೊಟ್ಟಿಗೆಗೆ ಬನ್ನಿ. ಆಕಳ ಮೊದಲ ಕರಾವಿನ ಒಳ್ಳೆಯ ಗಿಣ್ಣದಲ್ಲಿ ಲೀಟರಿಗೆ 50 ಗ್ರಾಂ ಅಥವಾ ಅದಕ್ಕೂ ಹೆಚ್ಚು ಪ್ರತಿಕಾಯ ಇರುತ್ತದೆ. ಸರಪಳಿ ಸಮೇತ, ಸಿದ್ಧವಾಗಿ, ಬಿಟ್ಟಿಯಾಗಿ. ಮಾಮೂಲಿ ಹಾಲಿನಲ್ಲಿ ಅದು ಲೀಟರಿಗೆ 1 ಗ್ರಾಂ ಕೂಡ ಇರದು.

ಕರು ಬರಿಗೈಲಿ ಹುಟ್ಟುತ್ತದೆ

ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು ಒಂದಿಷ್ಟು ದಾಟಿ ಬರುತ್ತವೆ. ಆಕಳು, ಎಮ್ಮೆಯ ಮಾಸು ಹಾಗಿಲ್ಲ, ಅದು ಪ್ರತಿಕಾಯವನ್ನು ದಾಟಿಸುವುದಿಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿ ಕೊಟ್ಟ ರಕ್ಷಣೆ ಇಲ್ಲವೆಂದೇ ಹೇಳಬೇಕು. ಸಿಗುವ ದಾರಿ ಒಂದೇ, ಗಿಣ್ಣದ ಹಾಲು.

ಆ ದಾರಿಯೂ ಬೇಗ ಮುಚ್ಚುತ್ತದೆ. ಹುಟ್ಟಿದ ಕರುವಿನ ಕರುಳು ಮೊದಲ ಕೆಲವು ಗಂಟೆ ಮಾತ್ರ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಡುತ್ತದೆ. ಆರು ಗಂಟೆ ಕಳೆದಂತೆ ಅದು ಕಡಿಮೆಯಾಗುತ್ತ ಬಂದು 24 ಗಂಟೆಯ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಆಮೇಲೆ ಕೊಡ ತುಂಬ ಗಿಣ್ಣ ಕುಡಿಸಿದರೂ ಹೊಟ್ಟೆ ತುಂಬೀತು, ಕರುಳಿಗೂ ಒಂದಿಷ್ಟು ಒಳ್ಳೆಯದಾದೀತು, ರಕ್ತಕ್ಕೆ ಪ್ರತಿಕಾಯ ಸೇರದು.

ಗಿಣ್ಣದಲ್ಲಿ ಇನ್ನೂ ಒಂದು ಬಗೆಯ ಸಕ್ಕರೆ ಇದೆ. ಮೂರು ಮಣಿಯ ಸಣ್ಣ ಸರಪಳಿ, ಸಯಾಲಿಲ್ ಲ್ಯಾಕ್ಟೋಸ್ ಎಂದು ಹೆಸರು. ಗಿಣ್ಣದಲ್ಲಿ ಹೇರಳ, ಕೆಲವೇ ದಿನಗಳಲ್ಲಿ ತೀರಾ ಇಳಿಯುತ್ತದೆ. ಮೊದಲ ನಾಲ್ಕೈದು ದಿನದಲ್ಲೇ ಕರುಗಳನ್ನು ಕೊಲ್ಲುವ ಭೇದಿಗೆ ಕಾರಣವಾದ ಒಂದು ಜಾತಿಯ ಇ. ಕೋಲೈ ರೋಗಾಣು ಕರುಳಿನ ಗೋಡೆಯ ಮೇಲಿನ ಇಂಥದೇ ಸಕ್ಕರೆ ಸರಪಳಿಗೆ ಕೊಕ್ಕೆ ಹಾಕಿ ಕೂರುತ್ತದೆ. ಗಿಣ್ಣದ ಸಕ್ಕರೆ ಸರಪಳಿಗಳು ರೋಗಾಣುವಿನ ಕೊಕ್ಕೆಗೆ ಸುಳ್ಳು ಗೂಟವಾಗಿ ಸಿಕ್ಕಿ, ಅದು ಗೋಡೆಗೆ ಅಂಟದಂತೆ ತಡೆಯುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ಮನೆಯಲ್ಲಿ ಬಾಣಂತಿ ಇದ್ದರೆ ಅಲ್ಲಿಗೂ ಇದೇ ಮಾತು. ತಾಯಿಯ ಎದೆಹಾಲಿನಲ್ಲಿ ಇಂಥ ಸರಪಳಿಗಳು ಲೀಟರಿಗೆ 10 ಗ್ರಾಂಗೂ ಮೇಲೆ ಇರುತ್ತವೆ. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಬಾರದು. ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಎದೆಹಾಲು ಕೊಡಬೇಕು.

ಮಾಸು ಬೀಳುವವರೆಗೆ ಕಾಯಬೇಡಿ

ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಗೆ ಹೋದಾಗ ನಾನು ಬಹಳ ಸಲ ಕೇಳುವ ಮಾತು: "ಮಾಸು ಇನ್ನಾ ಬಿದ್ದಿಲ್ಲ, ಕರುನ ಹೆಂಗೆ ಬಿಡೋದು?" ಮಾಸು ಬೀಳುವ ಮೊದಲು ಹಾಲು ಕುಡಿಸಿದರೆ ತಾಯಿಗೆ ಕೆಡುಕು, ಕರುವಿಗೆ ಭೇದಿ ಎಂಬ ನಂಬಿಕೆ ಹಿರಿಯರಿಂದ ಬಂದಿದೆ. ಆದರೆ ಲೆಕ್ಕ ನೋಡಿ. ಮಾಸು ಬೀಳಲು ಎಂಟರಿಂದ ಹನ್ನೆರಡು ಗಂಟೆ ಆಗಬಹುದು. ಅಷ್ಟರಲ್ಲಿ ಕರುಳಿನ ಬಾಗಿಲು ಬಹಳಷ್ಟು ಮುಚ್ಚಿರುತ್ತದೆ. ಕಾದದ್ದಕ್ಕೆ ಕರು ಬೆಲೆ ತೆರುತ್ತದೆ. ಅದು ಹೆಣ್ಣುಗರುವಾದರೆ ಎರಡು-ಮೂರು ವರ್ಷದ ಮೇಲೆ ನಿಮ್ಮ ಕ್ಯಾನು ತುಂಬಬೇಕಾದ ಆಕಳು ಅದೇ ಅಲ್ಲವೇ? ಕರು ಮೊಲೆ ಚೀಪಿದಾಗ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಹಾಲು ಇಳಿಸುವ ಈ ಹಾರ್ಮೋನು ಗರ್ಭಕೋಶವನ್ನೂ ಹಿಂಡುತ್ತದೆ. ಕುಡಿಸುವುದರಿಂದ ಮಾಸು ಬೀಳಲು ಅನುಕೂಲವೇ ಹೊರತು ಅಡ್ಡಿಯಿಲ್ಲ.

ಹೀಗೆ ಮಾಡಿ:

1. ಕರು ಬಿದ್ದ ಕೂಡಲೇ ಮೂಗು, ಬಾಯಿ ಒರೆಸಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ.

2. ಮೊದಲ ಒಂದು-ಎರಡು ಗಂಟೆಯೊಳಗೆ ಒಂದೂವರೆಯಿಂದ ಎರಡು ಲೀಟರ್ ಗಿಣ್ಣ ಕುಡಿಸಿ. 12 ಗಂಟೆಯೊಳಗೆ ಮತ್ತೆ ಅಷ್ಟೇ. ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗವಾದರೂ ಹೋಗಬೇಕು. 30 ಕಿಲೋ ಕರುವಿಗೆ 3 ಲೀಟರ್.

3. ಕರುವಿಗೆ ಕೊಡುವ ಗಿಣ್ಣವನ್ನು ಕಾಯಿಸಬೇಡಿ. ಗಿಣ್ಣ ಒಲೆಯ ಮೇಲೆ ಗಡ್ಡೆ ಕಟ್ಟುವುದೇ ಈ ಪ್ರೋಟೀನುಗಳಿಂದ. ಗಟ್ಟಿಯಾದ ಮೇಲೆ ಅವು ಪ್ರತಿಕಾಯದ ಕೆಲಸ ಮಾಡವು.

4. ಕರು ತಾನಾಗಿ ಚೀಪದಿದ್ದರೆ ನಿಪ್ಪಲ್ ಬಾಟಲಿಯಿಂದ ನಿಧಾನಕ್ಕೆ ಕುಡಿಸಿ. ಗೊಟ್ಟದಿಂದ ಬಲವಂತವಾಗಿ ಸುರಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

5. ತಾಯಿಗೆ ಕೆಚ್ಚಲು ಬಾವು ಇದ್ದರೆ, ತಾಯಿ ಸತ್ತರೆ, ಅದೇ ದಿನ ಈದ ಬೇರೆ ಆಕಳ ಗಿಣ್ಣ ಕೊಡಿ. ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟ ಗಿಣ್ಣವಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಪಾತ್ರೆ ಇಟ್ಟು ಕರಗಿಸಿ. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟ ಗಿಣ್ಣ ಬೇಗ ಕೆಡುತ್ತದೆ, ನೆನಪಿರಲಿ.

6. ಮಾಸು ನೇತಾಡುತ್ತಿದ್ದರೆ ಎಳೆಯಬೇಡಿ, ಕಲ್ಲು-ಚಪ್ಪಲಿ ಕಟ್ಟಬೇಡಿ. 12 ಗಂಟೆ ದಾಟಿದರೆ ಪಶುವೈದ್ಯರಿಗೆ ತಿಳಿಸಿ.

7. ಮೊದಲ ಐದು ದಿನದ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಂದು ಚೊಂಬು ಗಿಣ್ಣ ಸೇರಿದರೂ ಕ್ಯಾನಿನ ಹಾಲು ಕಾಯಿಸಿದಾಗ ಒಡೆಯಬಹುದು.

ಹಾಗಾದರೆ ಮನೆಯವರಿಗೆ, ಓಣಿಯವರಿಗೆ ಗಿಣ್ಣ ಬೇಡವೇ? ಬೇಕು. ಮಿಶ್ರತಳಿ ಆಕಳು ಕರುವಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ಕರು ಹೊಟ್ಟೆತುಂಬ ಕುಡಿದ ಮೇಲೆ ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಎಲ್ಲರಿಗೂ ಹಂಚಿ. ಮೊದಲ ಕರಾವು ಮಾತ್ರ ಕರುವಿನ ಹಕ್ಕು. ಎರಡನೇ ಕರಾವಿಗೇ ಪ್ರತಿಕಾಯ ಬಹಳ ಇಳಿದಿರುತ್ತದೆ.

ಕೆಚ್ಚಲಿಗೆ ಕಚ್ಚಾ ಮಾಲು

ಕಟ್ಟುವ ಕಿಣ್ವ ಎಷ್ಟು ಚುರುಕಾಗಿದ್ದರೂ ಹೂವೇ ಇಲ್ಲದಿದ್ದರೆ ದಂಡೆ ಆಗದು. ಒಂದು ಲೀಟರ್ ಹಾಲಿಗೆ ಆಕಳ ಕೆಚ್ಚಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ಬೆಲ್ಲ ತಿನ್ನಿಸಿದರೆ ಅದು ನೇರವಾಗಿ ಅಲ್ಲಿಗೆ ಹೋಗುವುದಿಲ್ಲ, ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಮೊದಲೇ ಅದನ್ನು ಹುದುಗಿಸಿಬಿಡುತ್ತವೆ. ಆ ಹುದುಗಿನಿಂದ ಬಂದ ಆಮ್ಲದಿಂದ ಆಕಳ ಪಿತ್ತಜನಕಾಂಗ ಗ್ಲೂಕೋಸ್ ಮಾಡಿಕೊಳ್ಳುತ್ತದೆ.

ಆದ್ದರಿಂದ ಬರೀ ಭತ್ತದ ಹುಲ್ಲಿನ ಮೇಲೆ ಹಾಲು ಬಯಸಬೇಡಿ. ದೇಹ ಪೋಷಣೆಗೆ ಒಂದರಿಂದ ಒಂದೂವರೆ ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ ಆಕಳಿಗೆ 400 ಗ್ರಾಂ, ಎಮ್ಮೆಗೆ 500 ಗ್ರಾಂ ಕೊಡಿ. ಗಬ್ಬದ ಕೊನೆಯ ಎರಡು ತಿಂಗಳು ದಿನಕ್ಕೆ ಒಂದು ಕಿಲೋ ಹೆಚ್ಚು ಕೊಡಿ. ಹಸಿ ಮೇವು, ಖನಿಜ ಮಿಶ್ರಣ, ದಿನವಿಡೀ ಕುಡಿಯುವ ನೀರು ಇರಲಿ. ಸಿರುಗುಪ್ಪದ ಭತ್ತದ ಊರುಗಳಲ್ಲಿ ನುಚ್ಚಕ್ಕಿ, ಮದುವೆ ಮನೆಯ ಉಳಿದ ಅನ್ನ ಸುಲಭವಾಗಿ ಸಿಗುತ್ತದೆ. ಅದನ್ನು ಬುಟ್ಟಿಗಟ್ಟಲೆ ಹಾಕಬೇಡಿ. ಹೊಟ್ಟೆಯಲ್ಲಿ ಆಮ್ಲ ಒಮ್ಮೆಲೇ ಏರಿ ಆಕಳು ಒಂದೇ ರಾತ್ರಿಯಲ್ಲಿ ಸತ್ತ ಪ್ರಸಂಗಗಳುಂಟು.

ಕೆಚ್ಚಲು ಬಾವು ಬಂದಾಗ ಈ ಸಕ್ಕರೆ ಕಾರ್ಖಾನೆಗೇ ಪೆಟ್ಟು ಬೀಳುತ್ತದೆ. ಲ್ಯಾಕ್ಟೋಸ್ ಇಳಿದು ರಕ್ತದ ಉಪ್ಪಿನಂಶ ಹಾಲಿಗೆ ಇಳಿಯುತ್ತದೆ. ಮನೆಯಲ್ಲಿ ಕಾಯಿಸಿದ ಹಾಲು ಉಪ್ಪುಪ್ಪು ಎನಿಸಿದರೆ, ಹಾಲಿನಲ್ಲಿ ಎಳೆ-ಗಡ್ಡೆ ಕಂಡರೆ ಕಾಯಬೇಡಿ. ಕೆಚ್ಚಲು ಬಾವಿನ ಪರೀಕ್ಷೆ ಮಾಡಿಸಿ.

ನಿಮ್ಮ ಕೊಟ್ಟಿಗೆಯಲ್ಲಿ ಗಬ್ಬದ ಆಕಳು ಇದ್ದರೆ ಇವತ್ತೇ ಒಂದು ಕೆಲಸ ಮಾಡಿ. ತೊಳೆದ ನಿಪ್ಪಲ್ ಬಾಟಲಿ, ಟಿಂಚರ್ ಅಯೋಡಿನ್, ಒಂದು ಒಣ ಬಟ್ಟೆ ತೆಗೆದಿಡಿ. ಮನೆಯ ಹಿರಿಯರಿಗೆ ಮಾಸಿನ ಮಾತನ್ನು ಮೊದಲೇ ತಿಳಿಸಿ ಒಪ್ಪಿಸಿ. ರಾತ್ರಿ ಎರಡು ಗಂಟೆಗೆ ಕರು ಬಿದ್ದರೆ ಬೆಳಗಾಗಲಿ ಎನ್ನದೆ ಆಗಲೇ ಗಿಣ್ಣ ಕುಡಿಸಿ. ಸಂದೇಹವಿದ್ದರೆ ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ಪಶುವೈದ್ಯರನ್ನು ಕೇಳಿ.